ಎಂಟನೇ ಗ್ರೇಡ್ ಎರಡು ಸಲ: ರೀಕ್ಲಾಸ್ ಮಾಡಿಸುವ ಮುಂಚೆ ಹಾಕಿದ ಲೆಕ್ಕ

ಅಮೆರಿಕದ ಕಾಲೇಜು ಕೋಚ್‌ಗಳು ಹುಡುಗರನ್ನು ಹೋಲಿಸುವುದು ವಯಸ್ಸಿನಿಂದಲ್ಲ, ಹೈಸ್ಕೂಲು ಮುಗಿಸುವ ವರ್ಷದಿಂದ. ಟೆಕ್ಸಸ್‌ನಲ್ಲಿ 2010ರ ಜುಲೈಯಲ್ಲಿ ಹುಟ್ಟಿದ ಹುಡುಗ ಮಾಮೂಲಿನಂತೆ 2028ರ ಬ್ಯಾಚು. ಎಂಟನೇ ಗ್ರೇಡನ್ನು ಎರಡು ಸಲ ಓದಿದರೆ 2029ರ ಬ್ಯಾಚು. ಹೀಗೆ ಬ್ಯಾಚು ಬದಲಿಸುವುದಕ್ಕೇ ರೀಕ್ಲಾಸ್ ಅನ್ನುವುದು. ಕೋಚ್ ನೋಡುವ ಹೊತ್ತಿಗೆ ಒಂದು ವರ್ಷದ ಎತ್ತರ, ತೂಕ ಹೆಚ್ಚು. ಬ್ಯಾಸ್ಕೆಟ್‌ಬಾಲಿಗೆ ನಾವು ಮಾಡಿಸಿದ್ದು ಇದನ್ನೇ. ಟೆನಿಸ್ ಆಗಿದ್ದರೆ ಬಹುಶಃ ಮಾಡಿಸುತ್ತಿರಲಿಲ್ಲ. ಅಲ್ಲಿ ಜೂನಿಯರ್ ಟೂರ್ನಿಗಳು ವಯಸ್ಸಿನ ಮೇಲೆಯೇ ನಡೆಯುತ್ತವೆ.

ಮೊದಲು ನೋಡಬೇಕಾದ್ದು ಮೈಬೆಳವಣಿಗೆ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ, ಶೂ ಬಿಚ್ಚಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ಎತ್ತರ ಬರೆದಿಡಿ. ಸಂಜೆ ಅಳೆದರೆ ಒಂದು ಸೆಂಟಿಮೀಟರಿನಷ್ಟು ಕಮ್ಮಿ ಬರಬಹುದು, ಲೆಕ್ಕ ಕೆಡುತ್ತದೆ. ಅಪ್ಪ ಅಮ್ಮನ ಎತ್ತರ ಕೂಡಿ, 13 ಸೆಂ.ಮೀ. ಸೇರಿಸಿ, ಎರಡರಿಂದ ಭಾಗಿಸಿದರೆ ಮಗ ಮುಟ್ಟಬಹುದಾದ ಎತ್ತರದ ಅಂದಾಜು ಸಿಗುತ್ತದೆ. ಅಂದಾಜೇ, ಎಂಟು ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು. ಮಕ್ಕಳ ಡಾಕ್ಟರಿಗೆ ಹೇಳಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರೆ ಮೂಳೆಯ ವಯಸ್ಸು ತಿಳಿಯುತ್ತದೆ. ಅದು ನಿಜ ವಯಸ್ಸಿಗಿಂತ ಒಂದು ವರ್ಷವೋ ಹೆಚ್ಚೋ ಹಿಂದಿದ್ದರೆ ರೀಕ್ಲಾಸ್‌ಗೆ ಅರ್ಥವಿದೆ. ಹದಿಮೂರಕ್ಕೇ ಮೀಸೆ ಬಂದು ಎಲ್ಲರಿಗಿಂತ ಉದ್ದ ಇರುವ ಹುಡುಗನನ್ನು ತಡೆದರೆ ಬರುವ ಲಾಭ ಕಮ್ಮಿ. ಅವನ ಬೆಳವಣಿಗೆ ಬೇಗ ಮುಗಿಯುತ್ತದೆ, ಉಳಿದವರು ಹಿಡಿದುಬಿಡುತ್ತಾರೆ.

ಎರಡನೆಯದು ಗಡಿಯಾರ. ಮಾಡುವುದಿದ್ದರೆ ಒಂಬತ್ತನೇ ಗ್ರೇಡಿಗೆ, ಅಂದರೆ ಹೈಸ್ಕೂಲಿಗೆ, ಕಾಲಿಡುವ ಮುಂಚೆಯೇ. ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಬೇಕು, ಅವುಗಳ ಸರಾಸರಿ ಗ್ರೇಡು 4ಕ್ಕೆ 2.3ಕ್ಕಿಂತ ಕೆಳಗಿಳಿಯಬಾರದು. ಒಂಬತ್ತಕ್ಕೆ ಸೇರಿದಾಗಿನಿಂದ ನಾಲ್ಕು ವರ್ಷ ಎಣಿಸುತ್ತಾರೆ. ಹತ್ತನೇದನ್ನು ಮತ್ತೆ ಓದಿಸಿದರೂ ಎಣಿಕೆ ನಿಲ್ಲುವುದಿಲ್ಲ. ಸಕಾಲಕ್ಕೆ ಹೈಸ್ಕೂಲು ಮುಗಿಸಿದವನಿಗೆ ಆಮೇಲೆ ಸೇರಿಸಿಕೊಳ್ಳಲು ಸಿಗುವುದು ಒಂದೇ ಒಂದು ಕೋರ್ಸು. ಜೊತೆಗೆ 10 ಕೋರ್ಸು ಕೊನೆಯ ವರ್ಷ ಶುರುವಾಗುವ ಮುಂಚೆ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವು. ಆ ಗ್ರೇಡುಗಳನ್ನು ಮತ್ತೆ ತಿದ್ದಲಾಗದು.

ನಮ್ಮವರ ಮಕ್ಕಳು ಗಣಿತದಲ್ಲಿ ಮುಂದಿರುವುದರಿಂದ ಇನ್ನೊಂದು ಸಿಕ್ಕು. ಆಲ್ಜೀಬ್ರಾ 1 ಆಗಲೇ ಮುಗಿದಿದ್ದರೆ ಎರಡನೇ ಸಲದ ಎಂಟರಲ್ಲಿ ಅದನ್ನೇ ಕೂರಿಸಬೇಡಿ, ಜ್ಯಾಮಿಟ್ರಿ ಕೇಳಿ. ಎಂಟರಲ್ಲಿ ಓದಿದ್ದು ಕೋರ್ ಕೋರ್ಸಾಗಬೇಕಾದರೆ ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಗ್ರೇಡು, ಕ್ರೆಡಿಟ್ಟು ಎರಡೂ ಬರಬೇಕು. ಇದನ್ನು ಸೇರಿಸುವಾಗಲೇ ಬರಹದಲ್ಲಿ ತೆಗೆದುಕೊಳ್ಳಿ.

ಪಾಸಾದ ಹುಡುಗನನ್ನು ಸರ್ಕಾರಿ ಶಾಲೆ ಸಾಮಾನ್ಯವಾಗಿ ಮತ್ತೆ ಅದೇ ತರಗತಿಯಲ್ಲಿ ಕೂರಿಸುವುದಿಲ್ಲ, ಹಾಗಾಗಿ ಖಾಸಗಿ ಶಾಲೆಯೇ ದಾರಿ. ಫೀಸನ್ನು ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ ಲೆಕ್ಕ ಹಾಕಿ. ಕಾರಣ: ಟೆಕ್ಸಸ್‌ನ ಸರ್ಕಾರಿ ಶಾಲೆಗಳ ಕ್ರೀಡೆ ನೋಡಿಕೊಳ್ಳುವ ಯುಐಎಲ್ ನಿಯಮದಲ್ಲಿ, ಏಳು ಅಥವಾ ಎಂಟರಲ್ಲಿ ಆಟಕ್ಕೋಸ್ಕರ ತಡೆದ ಹುಡುಗನಿಗೆ ಹೈಸ್ಕೂಲಿನ ನಾಲ್ಕನೇ ವರ್ಷ ಆಡುವ ಅರ್ಹತೆ ಹೋಗುತ್ತದೆ. ವಯಸ್ಸಿನ ಮಿತಿಯೂ ಇದೆ: ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು. ಕಿಂಡರ್‌ಗಾರ್ಟನ್‌ಗೇ ಒಂದು ವರ್ಷ ತಡವಾಗಿ ಸೇರಿಸಿದ ಜುಲೈ ಹುಡುಗನನ್ನು ಇನ್ನೊಮ್ಮೆ ತಡೆದರೆ ಕೊನೆಯ ವರ್ಷಕ್ಕೆ ಆ ಗೆರೆ ದಾಟಿಬಿಡುತ್ತಾನೆ.

ಎಚ್-4 ವೀಸಾದಲ್ಲಿರುವವರು (ಎಚ್-1ಬಿಯಂಥ ಕೆಲಸದ ವೀಸಾದವರ ಸಂಗಾತಿ, ಮಕ್ಕಳಿಗೆ ಕೊಡುವ ವೀಸಾ) ಇನ್ನೂ ಒಂದು ನೋಡಬೇಕು: 21 ತುಂಬಿದರೆ ಆ ವೀಸಾ ಮುಗಿಯಿತು, ರೀಕ್ಲಾಸ್ ಆದವನಿಗೆ ಅದು ಕಾಲೇಜಿನ ಇನ್ನೂ ಮುಂಚಿನ ವರ್ಷದಲ್ಲೇ ಬರುತ್ತದೆ.

ಊರಿನವರು "ಫೇಲಾದ್ನಾ?" ಅಂತ ಕೇಳಿಯೇ ಕೇಳುತ್ತಾರೆ. ನೀಟ್‌ಗೆ ಡ್ರಾಪ್ ತಗೊಂಡ ಹಾಗೆ ಅಂದರೆ ತಕ್ಷಣ ಅರ್ಥವಾಗುತ್ತದೆ. ಹುಡುಗನಿಗೆ ಅಷ್ಟು ಸುಲಭವಲ್ಲ, ಗೆಳೆಯರೆಲ್ಲ ಮುಂದಿನ ಗ್ರೇಡಿಗೆ ಹೋಗಿರುತ್ತಾರೆ. ಅವನು ಒಪ್ಪದೆ ಮಾಡಿಸಬೇಡಿ.

ಶಾಲೆ ಒಪ್ಪಿದ ದಿನವೇ ಎಲ್ಲ ಪ್ರೊಫೈಲು, ವಿಡಿಯೊ, ಕ್ಲಬ್ ರೋಸ್ಟರುಗಳಲ್ಲಿ 2028 ಅಳಿಸಿ 2029 ಬರೆಯಿಸಿ. ಹತ್ತನೇ ಗ್ರೇಡ್ ಮುಗಿದ ಜೂನ್ 15ರಿಂದ ಡಿವಿಷನ್ 1 ಕೋಚ್‌ಗಳು ನೇರವಾಗಿ ಬರೆಯಬಹುದು. ಈ ಹುಡುಗನಿಗೆ ಅದು 2026 ಅಲ್ಲ, 2027. ಎಲ್ಲೋ ಒಂದು ಕಡೆ ಹಳೇ ವರ್ಷ ಉಳಿದಿದ್ದರೆ ಕೋಚ್ ಅವನನ್ನು ಮೇಲಿನ ಬ್ಯಾಚಿನ ಹುಡುಗರ ಪಕ್ಕ ಇಟ್ಟೇ ತೂಗುತ್ತಾನೆ.