ಕ್ಯಾಮೆರಾ ಅಲುಗಾಡಿಸದೆ ತೆಗೆದ ಕಳ್ಳನ ಕಥೆ

ನಾನು ತೆಗೆದದ್ದು 9 ನಿಮಿಷದ ಸಿನಿಮಾ, ಬರೀ 14 ಶಾಟ್. ಕ್ಯಾಮೆರಾ ಒಮ್ಮೆಯೂ ಅಲುಗಾಡಿಲ್ಲ. ‘ನಾಟಕದ ಥರ ಆಗುತ್ತೆ, ಯಾರೂ ಕೂತು ನೋಡಲ್ಲ’ ಎಂದಿದ್ದ ಗೆಳೆಯರೇ ಮೊನ್ನೆ ಎರಡು ಸಲ ಹಾಕಿಸಿಕೊಂಡು ನೋಡಿದರು!

ಈ ದಾರಿ ನನಗೆ ಸಿಕ್ಕಿದ್ದು ಫ್ರೆಂಚ್ ನಿರ್ದೇಶಕ ಲೂಯಿ ಫೊಯಾದ್‌ನ ಮೂಕಿಚಿತ್ರಗಳಿಂದ. 1913-14ರ ‘ಫಾಂತೊಮಾಸ್’, 1915-16ರ ‘ಲೇ ವಾಂಪಿರ್’ ನೋಡಿ. ಹೆಚ್ಚಿನ ದೃಶ್ಯಗಳಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಓಡಾಡುವುದು ನಟರು. ಕ್ಲೋಸಪ್ ಬರುವುದೇ ಅಪರೂಪ. ‘ಫಾಂತೊಮಾಸ್’ ಮೊದಲ ಭಾಗದಲ್ಲಿ ಹೋಟೆಲ್ ರೂಮಿಗೆ ನುಗ್ಗಿದ ಕಳ್ಳ ರಾಜಕುಮಾರಿಗೆ ಖಾಲಿ ಕಾರ್ಡ್ ಕೊಟ್ಟು ಹೋಗುತ್ತಾನೆ. ಆಮೇಲೆ ಅದರ ಮೇಲೆ ಅವನ ಹೆಸರು ಮೂಡುತ್ತದೆ. ಹೆಚ್ಚಾಗಿ ಅಂಥ ಕಡೆಗೇ ಕ್ಲೋಸಪ್ ಮೀಸಲು.

ಮೊದಲ ಸಲ ನಾನು ಪೂರ್ತಿ ಸೋತೆ. ಹಳೇ ತೊಟ್ಟಿಮನೆ, ದಿನಕ್ಕೆ ಸುಮಾರು 3,500 ಬಾಡಿಗೆ. ಮೂರು ದಿನ ಶೂಟ್ ಮಾಡಿ, ಊಟ ಲೈಟು ಸೇರಿ 22,000ದ ಹತ್ತಿರ ಸುರಿದೆ. ಒಂದು ಶಾಟೂ ಉಪಯೋಗಕ್ಕೆ ಬರಲಿಲ್ಲ. ಹೆಚ್ಚು ಅಗಲ ಕಾಣಿಸುವ ವೈಡ್ ಲೆನ್ಸ್ ಹಾಕಿದ್ದೇ ತಪ್ಪು. ಹಿಂದಿನ ಬಾಗಿಲಲ್ಲಿ ನಿಂತವನು ಇರುವೆಯಂತೆ ಕಂಡ. ಮುಂದಿನವರು ಮದುವೆ ಗ್ರೂಪ್ ಫೋಟೋದ ಹಾಗೆ ಸಾಲಾಗಿ ನಿಂತುಬಿಟ್ಟರು.

ಎರಡನೇ ಸಲ ಅಷ್ಟು ಅಗಲ ಕಾಣಿಸದ 50 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಎದೆಮಟ್ಟಕ್ಕೆ ಇಳಿಸಿದೆ. ಕಾಣುವ ಜಾಗದ ಎರಡೂ ಅಂಚಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಮುಂದೆ ಇಕ್ಕಟ್ಟು, ಹಿಂದೆ ಅಗಲ. ಗುಟ್ಟು ಇರುವುದೇ ಇಲ್ಲಿ. ನಾಟಕದಲ್ಲಿ ಒಬ್ಬೊಬ್ಬರು ಒಂದೊಂದು ಕುರ್ಚಿಯಿಂದ ನೋಡುತ್ತಾರೆ. ಕ್ಯಾಮೆರಾಗೆ ಇರುವುದು ಒಂದೇ ಕುರ್ಚಿ. ಹಾಗಾಗಿ ಮುಂದಿರುವ ಅತ್ತೆ ಪಾತ್ರದವರು ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಸಾಕು, ಅವರ ಬೆನ್ನ ಹಿಂದಿನ ಇಡೀ ಬಾಗಿಲು ತೆರೆದುಕೊಂಡು ಕಳ್ಳ ಕಾಣುತ್ತಾನೆ. ಕಟ್ ಮಾಡುವ ಕೆಲಸವನ್ನು ಆ ಅರ್ಧ ಹೆಜ್ಜೆಯೇ ಮಾಡುತ್ತದೆ. ಒಬ್ಬರು ಅಲುಗಾಡುವಾಗ ಉಳಿದವರು ಕಲ್ಲಾಗಬೇಕು, ಅಷ್ಟೇ. ನಟರು ಒಬ್ಬರನ್ನೊಬ್ಬರು ನೋಡದೆ ಆ ಕ್ಷಣ ಹೇಗೆ ಹಿಡಿದರು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಈ ಸಲದ ಖರ್ಚು 9,000 ದಾಟಲಿಲ್ಲ.

ಮೂಕಿಚಿತ್ರದ ಕಾಲದವರ ಹಾಗೆ ರಾತ್ರಿಯ ದೃಶ್ಯಕ್ಕೆ ನೀಲಿ ಬಣ್ಣವನ್ನೂ ಹಾಕಿ ನೋಡಿದೆ. ಮಧ್ಯಾಹ್ನ ಅಂಗಳದಲ್ಲಿ ತೆಗೆದದ್ದು ಒಗ್ಗಲಿಲ್ಲ, ಗಟ್ಟಿ ನೆರಳು ಸುಳ್ಳು ಹೇಳುತ್ತದೆ. ಒಳಮನೆಯಲ್ಲಿ ಮಾತ್ರ ದೀಪ ಆರಿಸಿದ ತಕ್ಷಣ ಹಳದಿ ಹೋಗಿ ನೀಲಿ ಬಂದರೆ ಚೆನ್ನಾಗಿ ಕೂರುತ್ತದೆ.

ಇನ್ನೊಂದು ಹುಚ್ಚು. ‘ಲೇ ವಾಂಪಿರ್’ನಲ್ಲಿ ಪೋಸ್ಟರಿನ ಮೇಲೆ ಕಳ್ಳರ ಗುಂಪಿನವಳೊಬ್ಬಳ ಹೆಸರು ‘ಇರ್ಮಾ ವೆಪ್’ (Irma Vep), ಅದರ ಅಕ್ಷರಗಳು ಜಾಗ ಬದಲಿಸಿ ‘ವ್ಯಾಂಪೈರ್’ (Vampire) ಆಗುತ್ತವೆ. ಕನ್ನಡದಲ್ಲಿ ಇದು ಕಷ್ಟ, ಕಾಗುಣಿತ ಹತ್ತಿಕೊಂಡ ಅಕ್ಷರ ಒಡೆಯುವುದಿಲ್ಲ ಅಲ್ವಾ. ಒಂದು ವಾರ ಹೆಸರು ಹುಡುಕಿದೆ. ಕೊನೆಗೆ ಬಾಗಿಲ ಫಲಕದಲ್ಲಿ ‘ರಮಣ’ ಎಂದು ಬರೆಸಿದೆ. ಮೊದಲೆರಡು ಅಕ್ಷರ ಮೆಲ್ಲಗೆ ಅದಲುಬದಲಾಗಿ ‘ಮರಣ’ ಆದಾಗ ಮುಂದಿನ ಸಾಲಿನಲ್ಲಿದ್ದ ನಮ್ಮ ಚಿಕ್ಕಮ್ಮ ‘ಅಯ್ಯೋ, ಇವನೇನಾ!’ ಎಂದು ಜೋರಾಗಿ ಕೂಗಿಬಿಟ್ಟರು.