ರೇಷ್ಮೆ ಸೀರೆ, ದುಬಾರಿ ಸೆಂಟು

ಸಂಜೆ ರಿಸೆಪ್ಶನ್‌ಗೆ ಒಳ್ಳೆಯ ಸೆಂಟ್ ಹಾಕಿಕೊಳ್ಳುವವರಿಗೆ ಒಂದು ಮಾತು. ಸೀರೆ ಉಟ್ಟ ಮೇಲೆ ಅಲ್ಲ, ಉಡುವ ಮೊದಲೇ ಹಾಕಿಕೊಳ್ಳಿ. ನಾನು ಒಮ್ಮೆ ಅವಸರದಲ್ಲಿ ರೇಷ್ಮೆ ಸೀರೆಯ ಮೇಲೇ ಹೊಡೆದುಕೊಂಡೆ. ಸೆರಗಿನ ಜರಿ ಆ ಜಾಗದಲ್ಲಿ ಕಪ್ಪಾಯಿತು, ಇವತ್ತಿಗೂ ಹಾಗೇ ಇದೆ.

ನನ್ನ ಹತ್ತಿರ ಇರುವುದು ಫ್ರಾನ್ಸಿನ ಸೆಂಟು ಕಂಪನಿ ಗೆರ್ಲಾನ್‌ನವರ ಶಾಲಿಮಾರ್. 1925ರಷ್ಟು ಹಳೇ ಸೆಂಟು, ಮೊಗಲರ ಶಾಲಿಮಾರ್ ತೋಟದ ಹೆಸರು ಇಟ್ಟಿದ್ದಾರೆ. ಹಾಕಿದ ಕೂಡಲೇ ನಿಂಬೆಯಂಥ ಘಾಟು. ಅರ್ಧ ಗಂಟೆ ಕಳೆದ ಮೇಲೆ ವೆನಿಲ್ಲಾ ಮೆಲ್ಲಗೆ ಬರುತ್ತದೆ. ಆ ಅರ್ಧ ಗಂಟೆ ಮನೆಯಲ್ಲೇ ಕಳೆಯಲಿ. ಎರಡು ಸಲ ಒತ್ತಿದರೆ ಸಾಕು: ಕತ್ತಿನ ಹಿಂದೆ ಒಂದು, ಮೊಣಕೈ ಒಳಮಡಿಕೆಗೆ ಒಂದು. ಚರ್ಮ ಒಣಗಿದ್ದರೆ ವಾಸನೆ ಬೇಗ ಹಾರಿಹೋಗುತ್ತದೆ, ಅದಕ್ಕೆ ಮೊದಲು ಪರಿಮಳ ಇಲ್ಲದ ಕ್ರೀಮ್ ಹಚ್ಚಿ. ಸ್ವಲ್ಪ ಹೊತ್ತಿಗೆ ನಿಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಹೋಯ್ತು ಅಂತ ಮತ್ತೆ ಹಾಕಬೇಡಿ, ಊಟಕ್ಕೆ ಪಕ್ಕದಲ್ಲಿ ಕೂತವರಿಗೆ ತಲೆನೋವು.

ಮಲ್ಲಿಗೆ ಮುಡಿದ ದಿನ ನಾನು ಬಾಟಲಿ ಮುಟ್ಟುವುದೇ ಇಲ್ಲ. ಎರಡೂ ಜಗಳ ಆಡುತ್ತವೆ, ಅಲ್ವಾ?

ಹಾಂ, ಬಾಟಲಿಯನ್ನು ಬಚ್ಚಲುಮನೆಯಲ್ಲಿ ಇಡಬೇಡಿ. ಬಿಸಿ, ಬೆಳಕಿಗೆ ಕೆಡುತ್ತದೆ. ಡಬ್ಬಿ ಸಮೇತ ಬೀರುವಿನಲ್ಲಿಡಿ.