ಹೀಟ್ ಪಂಪ್ ಗೀಸರ್ ಇದ್ದವರು ಬ್ಯಾಕಪ್ ಕಾಯಿಲ್ ಮೇಲೆ ಒಂದು ಕಣ್ಣಿಡಿ

ಚಳಿಗಾಲದಲ್ಲಿ ಬಿಲ್ ಏರಿದರೆ ಹೆಚ್ಚಾಗಿ ಕಾರಣ ಒಳಗಿನ ಬ್ಯಾಕಪ್ ಕಾಯಿಲ್, ಅಂದರೆ ಮಾಮೂಲಿ ಗೀಸರಿನ ಹಾಗೆ ಕರೆಂಟಿನಿಂದ ನೇರವಾಗಿ ನೀರು ಕಾಯಿಸುವ ಕಾಯಿಲ್. ಹೀಟ್ ಪಂಪ್ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ಹಾಗಾಗಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಕಾಯಿಲ್‌ನಲ್ಲಿ 1ಕ್ಕೆ 1 ಅಷ್ಟೇ. ಅದು ಆನ್ ಆದಾಗ ಮೀಟರಿನ ಕೆಂಪು ದೀಪ ಪಟಪಟ ಮಿಣುಕುತ್ತದೆ, ಒಮ್ಮೆ ನಿಂತು ನೋಡಿ.

ನಮ್ಮ ಬೀದರ್ ಚಳಿಗೆ ಕಾಯಿಲ್ ಬೇಕೇ ಬೇಕು ಅಂತೇನಿಲ್ಲ. ಬೆಳಗಿನ ಜಾವ 10 ಡಿಗ್ರಿ ಆಸುಪಾಸಿಗೆ ಇಳಿದರೂ ಪಂಪ್ ಕೆಲಸ ಮಾಡುತ್ತದೆ, ಟೈಮ್ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಅದಕ್ಕೇ ಟೈಮರನ್ನು ಮಧ್ಯಾಹ್ನ 2ಕ್ಕೆ ಇಡಿ. ಆಗ ಗಾಳಿ ಬೆಚ್ಚಗಿರುತ್ತದೆ. ಒಳ್ಳೆ ಟ್ಯಾಂಕ್ ಆದರೆ ಆ ನೀರು ಬೆಳಗಿನ ಸ್ನಾನಕ್ಕೂ ಬಿಸಿ ಇರುತ್ತದೆ. ನೀರಿಗೆ 55 ಡಿಗ್ರಿ ಸಾಕು. ಸುಮ್ನೆ 65ಕ್ಕೆ ಏರಿಸಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಕಾಯಿಲ್ ತಾನಾಗಿ ಆನ್ ಆಗುತ್ತದೆ. ಮನೆ ತುಂಬ ನೆಂಟರು ಬಂದಾಗ ಕಾಯಿಲ್ ಹಾಕಿ, ಅವರು ಹೋದ ಮೇಲೆ ಮರೆಯದೆ ಆಫ್ ಮಾಡಿ.